ಮರ ಬಿಡಿ, ಸಂದಿ ನೋಡಿ: ಕಾಡಿನ ಕೋರ್ಸ್‌ನಲ್ಲಿ ಡಿಸ್ಕ್ ಗಾಲ್ಫ್ ಆಡುವ ಬಗೆ

ನಾರ್ತ್ ಕೆರೊಲಿನಾದಲ್ಲಿ ನಾನು ಡಿಸ್ಕ್ ಗಾಲ್ಫ್ ಕಲಿತದ್ದು ಬಯಲು ಪಾರ್ಕ್‌ನಲ್ಲಿ. ಹುಲ್ಲುಹಾಸು, ಅಲ್ಲೊಂದು ಇಲ್ಲೊಂದು ಮರ, ಕಣ್ಣೆದುರಿಗೇ ಬಾಸ್ಕೆಟ್. ಆರು ತಿಂಗಳಲ್ಲಿ ಕೈ ಕುದುರಿತು, ಡಿಸ್ಕ್ ದೂರ ಹೋಗತೊಡಗಿತು. ಆಮೇಲೆ ನ್ಯೂ ಹಿಲ್ ಬಳಿಯ ಹ್ಯಾರಿಸ್ ಲೇಕ್ ಕೌಂಟಿ ಪಾರ್ಕ್‌ಗೆ ಹೋದೆ. ಅಲ್ಲಿನ ಬಕ್‌ಹಾರ್ನ್ ಕೋರ್ಸ್ 18 ಹೋಲ್‌ಗಳದ್ದು, ಪೈನ್ ಮರಗಳ ನಡುವೆ ಹಾದುಹೋಗುತ್ತದೆ. ಅವತ್ತು ಸಂಜೆ ಮನೆಗೆ ಬರುವಾಗ ಒಂದು ಮಾತು ಖಚಿತವಾಗಿತ್ತು: ಬಯಲಲ್ಲಿ ಕಲಿತದ್ದರಲ್ಲಿ ಅರ್ಧ ಕಾಡಿನಲ್ಲಿ ನಡೆಯುವುದಿಲ್ಲ. ಅಲ್ಲಿ ತೋಳಿನ ಬಲಕ್ಕಿಂತ ಮುಂದಿನ ಎಸೆತಕ್ಕೆ ಎಲ್ಲಿ ನಿಲ್ಲುತ್ತೇನೆ ಎಂಬ ಲೆಕ್ಕ ದೊಡ್ಡದು. ಕೇರಿ, ಮಾರಿಸ್‌ವಿಲ್ ಎಂಬ ಊರುಗಳ ಕಡೆಯ ಕನ್ನಡದ ಗೆಳೆಯರು ಕೆಲವರು ಈಗ ಈ ಆಟಕ್ಕೆ ಬರುತ್ತಿದ್ದಾರೆ. ಅವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್‌ನ ಲೆಕ್ಕವೇ ಇಲ್ಲಿಯೂ. ಚೆಂಡು, ಕೋಲಿನ ಬದಲು ಕೈಯಲ್ಲಿ ಎಸೆಯುವ ಪ್ಲಾಸ್ಟಿಕ್ ಡಿಸ್ಕ್. ಕುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಬಾಸ್ಕೆಟ್. ಮೊದಲ ಎಸೆತ ಎಸೆಯುವ ಜಾಗ ಟೀ, ಅಲ್ಲಿಂದ ಬಾಸ್ಕೆಟ್‌ವರೆಗಿನ ದಾರಿ ಒಂದು ಹೋಲ್. ಟೀಯಿಂದ ಬಾಸ್ಕೆಟ್‌ಗೆ ಎಷ್ಟು ಕಡಿಮೆ ಎಸೆತದಲ್ಲಿ ತಲುಪುತ್ತೀರೋ ಅಷ್ಟು ಒಳ್ಳೆಯದು. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ 1975ರಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿದವರು ಎಡ್ ಹೆಡ್ರಿಕ್. ಸರಪಳಿ ಬಾಸ್ಕೆಟ್ ಕಂಡುಹಿಡಿದವರೂ ಅವರೇ, 1976ರಲ್ಲಿ ವೃತ್ತಿಪರ ಆಟಗಾರರ ಸಂಘ ಪಿಡಿಜಿಎ ಕಟ್ಟಿದವರೂ ಅವರೇ. ಆ ಮೊದಲ ಕೋರ್ಸ್ ಇದ್ದದ್ದು ಓಕ್ ಮರಗಳ ನಡುವೆ. ಮರಗಳ ಮಧ್ಯೆ ಆಡುವುದೇ ಈ ಆಟದ ಮೂಲ ರೂಪ ಎಂದು ನಾನು ನಂಬುವುದು ಅದಕ್ಕೇ.

ಬ್ಯಾಗ್‌ನಲ್ಲಿ ಏನಿರಬೇಕು

ಹೊಸಬರು ಅಂಗಡಿಗೆ ಹೋದರೆ ಮೊದಲು ಕೈ ಹಾಕುವುದು ಡ್ರೈವರ್‌ಗೆ, ಅಂದರೆ ಅಂಚು ಚೂಪಾದ, ವೇಗದ ಡಿಸ್ಕ್‌ಗೆ. ಕಾಡಿಗೆ ಹೋಗುವ ದಿನ ಅದನ್ನು ಕಾರಿನಲ್ಲೇ ಬಿಡಿ. ವೇಗದ ಡಿಸ್ಕ್‌ಗೆ ತಕ್ಕ ವೇಗವನ್ನು ಕೈ ಕೊಡದಿದ್ದರೆ ಅದು ಬೇಗ ಪಕ್ಕಕ್ಕೆ ವಾಲಿಬಿಡುತ್ತದೆ. ಬಯಲಲ್ಲಿ ಆ ವಾಲುವಿಕೆಗೆ ಜಾಗವಿದೆ, ಕಾಡಿನಲ್ಲಿ ಅಲ್ಲೊಂದು ಮರವಿದೆ.

ಡಿಸ್ಕ್ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲುವ ಗುಣ, ಆರಂಭದಲ್ಲಿ ಹೊರಳುವ ಗುಣ, ಕೊನೆಯಲ್ಲಿ ವಾಲುವ ಗುಣ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡವಾಗಿ ತಂದು ಹೊರಕ್ಕೆ ಬೀಸಿ, ಎಸೆದರೆ ಮೂರನೆಯ ಅಂಕಿ ಬಲಕ್ಕೆ ಎಷ್ಟು ಹೊರಳುತ್ತದೆ ಎನ್ನುತ್ತದೆ, ನಾಲ್ಕನೆಯದು ಕೊನೆಗೆ ಎಡಕ್ಕೆ ಎಷ್ಟು ಬೀಳುತ್ತದೆ ಎನ್ನುತ್ತದೆ. ಕಾಡಿಗೆ ಬೇಕಾದದ್ದು ಈ ಎರಡೂ ಸೊನ್ನೆಯ ಹತ್ತಿರವಿರುವ ಡಿಸ್ಕ್. ಇನೋವಾ ಕಂಪನಿಯ ಏವಿಯರ್ ಪಟರ್ (ಹತ್ತಿರದ ಎಸೆತದ ಡಿಸ್ಕ್) 2, 3, 0, 1. ಡಿಸ್ಕ್‌ಕ್ರಾಫ್ಟ್‌ನ ಬಜ್ ಮಿಡ್‌ರೇಂಜ್ (ಮಧ್ಯಮ ದೂರದ್ದು) 5, 4, -1, 1. ಇವೆರಡರ ಜೊತೆ ಸ್ವಲ್ಪ ದೂರಕ್ಕೆ ಇನೋವಾದ ಲೆಪರ್ಡ್, ಅದು 6, 5, -2, 1. ಮೂರೇ ಡಿಸ್ಕ್ ಸಾಕು. ಹದಿನೈದು ಡಿಸ್ಕ್ ಹೊತ್ತವರಿಗಿಂತ ಮೂರರ ಗುಣ ಬಲ್ಲವರು ಕಾಡಿನಲ್ಲಿ ಚೆನ್ನಾಗಿ ಆಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬಣ್ಣವನ್ನೂ ಯೋಚಿಸಿ ಕೊಳ್ಳಿ. ಹಸಿರು ಬೇಸಿಗೆಯಲ್ಲಿ ಮಾಯವಾಗುತ್ತದೆ. ಕೆಂಪು, ಕಿತ್ತಳೆ, ಹಳದಿ ಅಕ್ಟೋಬರ್ ನವೆಂಬರ್‌ನ ತರಗೆಲೆಯಲ್ಲಿ ಮಾಯ. ನನ್ನ ಅನುಭವದಲ್ಲಿ ವರ್ಷವಿಡೀ ಕಣ್ಣಿಗೆ ಬೀಳುವುದು ಢಾಳಾದ ಗುಲಾಬಿ, ತರಗೆಲೆಯ ಮೇಲೆ ಆಕಾಶನೀಲಿ. ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಹೆಸರು, ಫೋನ್ ನಂಬರ್ ಬರೆದಿಡಿ. ಸಿಕ್ಕ ಡಿಸ್ಕ್‌ನ ನಂಬರ್‌ಗೆ ಮೆಸೇಜ್ ಮಾಡಿ ಹಿಂದಿರುಗಿಸುವುದು ಈ ಆಟದವರ ಒಳ್ಳೆಯ ರೂಢಿ. ಟವೆಲ್ ಒಂದು ಇರಲಿ. ಇಲ್ಲಿನ ಜುಲೈ ಸೆಕೆಗೆ ಅಂಗೈ ಬೆವರುತ್ತದೆ, ವಸಂತದಲ್ಲಿ ಪೈನ್ ಮರದ ಹಳದಿ ಪರಾಗ ಡಿಸ್ಕ್ ಮೇಲೆ ಕೂತು ಹಿಡಿತ ಜಾರುತ್ತದೆ. ಉದ್ದ ಪ್ಯಾಂಟ್, ಹಿಡಿತವಿರುವ ಶೂ ಕಡ್ಡಾಯ. ಸ್ವೀಟ್‌ಗಮ್ ಮರದ ಮುಳ್ಳುಮುಳ್ಳಾದ ಉಂಡೆಕಾಯಿಗಳು ದಾರಿ ತುಂಬ ಬಿದ್ದಿರುತ್ತವೆ. ಅವುಗಳ ಮೇಲೆ ಕಾಲಿಟ್ಟರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆಯೇ, ಪಾದ ಉರುಳುತ್ತದೆ.

ಟೀ ಮೇಲೆ ನಿಂತಾಗ

ಮೊದಲ ಕೆಲಸ ಡಿಸ್ಕ್ ತೆಗೆಯುವುದಲ್ಲ, ಮುಂದೆ ನಡೆದು ನೋಡಿಬರುವುದು. ಹೊಸ ಕೋರ್ಸ್ ಆದರೆ ಟೀ ಪಕ್ಕದ ಫಲಕ ಓದಿ. ಯೂಡಿಸ್ಕ್ ಆ್ಯಪ್‌ನಲ್ಲಿ ಹೋಲ್‌ನ ನಕ್ಷೆ ಸಿಗುತ್ತದೆ. ಅಮೆರಿಕದಲ್ಲಿ ದೂರವನ್ನು ಅಡಿಯಲ್ಲಿ ಬರೆಯುತ್ತಾರೆ, 300 ಅಡಿ ಅಂದರೆ ಸುಮಾರು 91 ಮೀಟರ್. ಆದರೆ ದಾರಿ ಎಲ್ಲಿ ತಿರುಗುತ್ತದೆ, ತಿರುವಿನಾಚೆ ನೆಲ ಏರುತ್ತದೋ ಇಳಿಯುತ್ತದೋ ಎನ್ನುವುದು ಕಾಲಿನಿಂದಲೇ ತಿಳಿಯಬೇಕು. ಅಲ್ಲಿ ವಾಕಿಂಗ್‌ನವರೋ ನಿಮಗಿಂತ ಮುಂದೆ ಆಡುತ್ತಿರುವ ತಂಡವೋ ಇದ್ದರೆ ಆಗಲೇ ಗೊತ್ತಾಗುತ್ತದೆ. ಮನುಷ್ಯರು ಕಂಡರೆ ಅವರು ದಾಟಿಹೋಗುವವರೆಗೆ ಎಸೆಯಬೇಡಿ. 170 ಗ್ರಾಂ ತೂಕದ ಗಟ್ಟಿ ಪ್ಲಾಸ್ಟಿಕ್ ಅದು, ಬಡಿದರೆ ಪೆಟ್ಟಾಗುತ್ತದೆ.

ಬಳಿಕ ಟೀಗೆ ಬಂದು ಸಂದಿ ಆರಿಸಿ. ಬಾಸ್ಕೆಟ್ ಎಲ್ಲಿದೆ ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ಒಂದು ಕಡೆ ನಿಂತರೆ ಮರವೇ ಮರ; ಎರಡು ಹೆಜ್ಜೆ ಸರಿದು ನಿಂತರೆ ಸಾಲಿನ ನಡುವೆ ತೋಟದ ಆ ತುದಿಯವರೆಗೆ ಬೆಳಕು. ಟೀ ಪ್ಯಾಡ್ ಮೇಲೂ ಹಾಗೆಯೇ. ಎಡ ತುದಿ, ನಡು, ಬಲ ತುದಿ ಮೂರೂ ಕಡೆ ನಿಂತು ನೋಡಿ. ಒಂದು ಅಡಿ ಸರಿದರೆ ಮುಚ್ಚಿದ್ದ ದಾರಿ ತೆರೆದುಕೊಳ್ಳುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವಿದೆ. ಮೂರು ಮೀಟರ್ ಅಗಲದ ಸಂದಿ ನಿಮ್ಮಿಂದ 20 ಮೀಟರ್ ದೂರದಲ್ಲಿದ್ದರೆ, ಎಸೆತ ಯಾವ ಬದಿಗೇ ಆಗಲಿ ನಾಲ್ಕು ಡಿಗ್ರಿ ತಪ್ಪಿದರೂ ಡಿಸ್ಕ್ ದಾಟುತ್ತದೆ. ಅಷ್ಟೇ ಅಗಲದ ಸಂದಿ 60 ಮೀಟರ್ ದೂರದಲ್ಲಿದ್ದರೆ ಒಂದೂವರೆ ಡಿಗ್ರಿ ತಪ್ಪಿದರೂ ಮರ. ಹಾಗಾಗಿ ಹತ್ತಿರದ ಸಂದಿ ಕಣ್ಣಿಗೆ ಎಷ್ಟು ಇಕ್ಕಟ್ಟಾಗಿ ಕಂಡರೂ ಕೈಗೆ ಸಲೀಸು. ದೂರದ ಸಂದಿ ಎಷ್ಟೇ ಅಗಲ ಕಂಡರೂ ಕೈಗೆ ಕಷ್ಟ. ಮೊದಲ ಎಸೆತವನ್ನು ಹತ್ತಿರದ ಸಂದಿಗೆ ಮೀಸಲಿಡಿ. ದೂರದ ಸಂದಿಯನ್ನು ಅದರ ಹತ್ತಿರಕ್ಕೆ ಹೋಗಿ ಎಸೆಯೋಣ.

ಇನ್ನೊಂದು, ತಪ್ಪಿದರೆ ಯಾವ ಕಡೆ ತಪ್ಪಬೇಕು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಎಡಗಡೆ ಪೊದೆ, ಬಲಗಡೆ ವಿರಳ ಪೈನ್ ಇದ್ದರೆ ಗುರಿಯನ್ನು ಒಂದಿಷ್ಟು ಬಲಕ್ಕೆ ಇಟ್ಟುಕೊಳ್ಳಿ. ಟೀ ಹತ್ತಿರದ ಮರಕ್ಕೆ ಬಡಿಯುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ: ಒಂದು ಎಸೆತ ಹೋಯಿತು, ದೂರ ಮಾತ್ರ ಹಾಗೇ ಉಳಿಯಿತು.

ಎಸೆತ

ಬಯಲಲ್ಲಿ ಹಾಕುವ ಬಲದಲ್ಲಿ ಮುಕ್ಕಾಲು ಪಾಲು ಸಾಕು. ಮುಖ್ಯವಾದದ್ದು ತಿರುಗುವಿಕೆ. ಬುಗುರಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಚೆನ್ನಾಗಿ ತಿರುಗುವ ಬುಗುರಿ ಕದಲದೆ ನಿಲ್ಲುತ್ತದೆ, ತಿರುಗು ಕಡಿಮೆಯಾದಂತೆ ತಲೆಯಾಡಿಸುತ್ತದೆ. ಡಿಸ್ಕ್ ಕೂಡ ತಿರುಗುವಷ್ಟು ಹೊತ್ತು ನೇರ, ತಿರುಗು ಇಳಿದಾಗ ವಾಲು. ತಿರುಗುವಿಕೆ ಬರುವುದು ತೋಳಿನಿಂದಲ್ಲ, ಕೊನೆಯ ಗಳಿಗೆಯಲ್ಲಿ ಬೆರಳುಗಳಿಂದ ಡಿಸ್ಕ್ ಬಿಡಿಸಿಕೊಂಡು ಹೋಗುವ ರೀತಿಯಿಂದ. ಬಿಗಿಯಾಗಿ ಹಿಡಿದು, ಎದೆಗೆ ಹತ್ತಿರವಾಗಿ ನೇರ ಗೆರೆಯಲ್ಲಿ ಎಳೆದು ಬಿಡಿ.

ಕಾಡಿಗೆ ಗೋಡೆ ಮಾತ್ರವಲ್ಲ, ಚಾವಣಿಯೂ ಇದೆ. ಡಿಸ್ಕ್‌ನ ಮುಂದಿನ ಅಂಚು ಚೂರು ಮೇಲೆದ್ದರೂ ಅದು ಗಾಳಿಗೇರಿ ಕೊಂಬೆಗೆ ಬಡಿಯುತ್ತದೆ, ಇಲ್ಲವೇ ನಿಂತು ಎಡಕ್ಕೆ ಬೀಳುತ್ತದೆ. ನನಗೆ ನೆರವಾದ ಉಪಾಯ ಇದು: ಸಂದಿಯ ನಡುವೆ ಎದೆಯ ಎತ್ತರದಲ್ಲಿ ಒಂದು ಗುರುತು ನೋಡಿಕೊಳ್ಳಿ. ಹಿಂದಿನ ಮರದ ತೊಗಟೆಯ ಕಲೆಯೋ ಒಣಗಿದ ಎಲೆಯೋ ಏನಾದರೂ ಸರಿ. ಎಸೆದು ಮುಗಿಯುವವರೆಗೆ ಕಣ್ಣು ಅಲ್ಲೇ ಇರಲಿ. ಈ ಮರಕ್ಕೆ ಬಡಿಯಬಾರದು, ಈ ಮರಕ್ಕೆ ಬಡಿಯಬಾರದು ಎಂದು ಅದನ್ನೇ ನೋಡುತ್ತಾ ನಿಂತರೆ ಕೈ ಅಲ್ಲಿಗೇ ಎಸೆಯುತ್ತದೆ.

ಬಾಗಿದ ದಾರಿಗೆ ಮೂರು ಆಯ್ಕೆಗಳಿವೆ. ಬಲಗೈಯವರಿಗೆ ಎಡಕ್ಕೆ ಬಾಗುವ ದಾರಿಯಲ್ಲಿ ಹೈಜರ್, ಅಂದರೆ ಡಿಸ್ಕ್‌ನ ಹೊರ ಅಂಚನ್ನು ಕೆಳಗೆ ವಾಲಿಸಿ ಎಸೆಯುವುದು, ಎಲ್ಲಕ್ಕಿಂತ ನಂಬಿಕಸ್ಥ. ಬಲಕ್ಕೆ ಬಾಗುವ ದಾರಿಯಲ್ಲಿ ಹೊರ ಅಂಚನ್ನು ಮೇಲೆತ್ತಿ ಆನ್‌ಹೈಜರ್ ಎಸೆಯಬಹುದು, ಆದರೆ ಅದು ಹದ ತಪ್ಪುವುದು ಬೇಗ. ಅದರ ಬದಲು ಫೋರ್‌ಹ್ಯಾಂಡ್ ಕಲಿಯಿರಿ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುವಂತೆ ಬೀಸುತ್ತೇವಲ್ಲ, ಕೈ ಅದೇ. ಅದು ತಾನಾಗಿಯೇ ಬಲಕ್ಕೆ ವಾಲುತ್ತದೆ. ಕಾಡಿನ ಕೋರ್ಸ್ ಆಡುವವರು ಒಂದೇ ಒಂದು ಹೊಸ ಎಸೆತ ಕಲಿಯುವುದಾದರೆ ಇದನ್ನೇ ಕಲಿಯಲಿ.

ಮರದ ಹಿಂದೆ ಸಿಕ್ಕಿಕೊಂಡಾಗ

ಇಡೀ ಆಟದ ಮರ್ಮ ಇರುವುದು ಇಲ್ಲಿ. ಎಷ್ಟೇ ಚೆನ್ನಾಗಿ ಆಡುವವರಿಗೂ ಮರ ತಪ್ಪಿದ್ದಲ್ಲ. ಬಡಿದ ಮೇಲೆ ಏನು ಮಾಡುತ್ತೀರಿ ಎನ್ನುವುದರ ಮೇಲೆ ಅಂಕ ನಿಂತಿದೆ.

ಕಳೆದ ಚಳಿಗಾಲದಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗ, ದಾವಣಗೆರೆ ಕಡೆಯವನು, ನಮ್ಮ ಜೊತೆ ಆಡುತ್ತಿದ್ದ. ಅವನ ಡಿಸ್ಕ್ ದಾರಿಯಿಂದ ಹದಿನೈದು ಹೆಜ್ಜೆ ಒಳಗೆ, ಎರಡು ಪೈನ್‌ಗಳ ಹಿಂದೆ ಬಿದ್ದಿತ್ತು. ಬಾಸ್ಕೆಟ್ ಮುಂದೆ 40 ಮೀಟರ್. ನಡುವೆ ನಾಲ್ಕಾರು ಮರ, ಅವುಗಳ ನಡುವೆ ಬಾಗಿಲಿನ ಅರ್ಧದಷ್ಟು ಬೆಳಕು.

"ಅಣ್ಣಾ, ಆ ಸಂದೀಲಿ ಹೋಗುತ್ತಲ್ವಾ?" ಅಂದ.

"ಹೋಗುತ್ತೆ. ಹತ್ತು ಸಲ ಎಸೆದರೆ ಎಷ್ಟು ಸಲ ಹೋಗುತ್ತೆ, ಹೇಳು."

ಸ್ವಲ್ಪ ಹೊತ್ತು ನೋಡಿದ. "ಮೂರು ಸಲ ಹೋಗಬಹುದು."

"ಉಳಿದ ಏಳು ಸಲ ಎಲ್ಲಿರ್ತೀಯ?"

ಅವನು ಸುತ್ತ ಕಣ್ಣಾಡಿಸಿ, "ಇಲ್ಲೇ," ಅಂದ. ಆಮೇಲೆ ಪಕ್ಕಕ್ಕೆ ತಿರುಗಿ, ಪಟರ್ ತೆಗೆದು, ಎಂಟು ಮೀಟರ್ ದೂರದ ಫೇರ್‌ವೇಗೆ, ಅಂದರೆ ಆಟದ ತೆರವಾದ ದಾರಿಗೆ, ಮೆತ್ತಗೆ ಹಾಕಿದ. ಅಲ್ಲಿಂದ ಬಾಸ್ಕೆಟ್‌ವರೆಗೆ ಒಂದು ಅಡ್ಡಿಯೂ ಇರಲಿಲ್ಲ.

ಈ ಲೆಕ್ಕವನ್ನು ಪ್ರತಿ ಸಲ ಮಾಡಿ. ಸಂದಿಯಲ್ಲಿ ಹಾದರೆ ಒಂದು ಎಸೆತ ಉಳಿಯುತ್ತದೆ. ಹಾಯದಿದ್ದರೆ ಕನಿಷ್ಠ ಒಂದು ಹೋಗುತ್ತದೆ, ಇನ್ನೂ ಕೆಟ್ಟ ಜಾಗದಲ್ಲಿ ಬಿದ್ದರೆ ಎರಡು. ಹಾಗಾಗಿ ಹತ್ತಕ್ಕೆ ಆರು ಸಲಕ್ಕಿಂತ ಹೆಚ್ಚು ಹೋಗುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಮುಂದಕ್ಕೆ, ಇಲ್ಲವಾದರೆ ಪಕ್ಕಕ್ಕೆ. ಅಗತ್ಯವಿದ್ದರೆ ಹಿಂದಕ್ಕೂ. ಹಿಂದಕ್ಕೆ ಎಸೆಯಲು ಮನಸ್ಸು ಒಪ್ಪುವುದಿಲ್ಲ, ಒಪ್ಪಿಸಬೇಕು.

ನಿಯಮಗಳು ಇಲ್ಲಿ ನಿಮ್ಮ ಪರವಾಗಿ ಎಷ್ಟಿವೆ ಎಂದು ತಿಳಿದಿರಲಿ. ಡಿಸ್ಕ್ ನಿಂತ ಜಾಗವನ್ನು ಸಣ್ಣ ಮಾರ್ಕರ್ ಡಿಸ್ಕ್ ಇಟ್ಟು ಗುರುತು ಮಾಡಬೇಕು. ಬಿದ್ದ ಡಿಸ್ಕನ್ನೇ ಗುರುತಾಗಿ ಬಿಟ್ಟರೂ ಆದೀತು. ಆ ಗುರುತಿನ ಹಿಂದೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಜಾಗವಿದೆ. ಎಸೆಯುವಾಗ ನಿಮ್ಮ ಒಂದು ಆಧಾರ ಅಲ್ಲಿ ಇರಬೇಕು. ಆಧಾರ ಎಂದರೆ ಕಾಲೇ ಆಗಬೇಕೆಂದಿಲ್ಲ, ಮೊಣಕಾಲೂರಿದರೂ ಸರಿ. ಕೊಂಬೆ ತಗ್ಗಾಗಿದ್ದರೆ ಮೊಣಕಾಲೂರಿ ಎಸೆಯಿರಿ. ಮುಂದೆ ಮರ ಅಡ್ಡ ಇದ್ದರೆ ಒಂದು ಕಾಲು ಗುರುತಿನ ಹಿಂದಿಟ್ಟು, ಇನ್ನೊಂದನ್ನು ಪಕ್ಕಕ್ಕೆ ಎಷ್ಟು ಚಾಚಲು ಸಾಧ್ಯವೋ ಅಷ್ಟು ಚಾಚಿ, ದೇಹವನ್ನು ಮರದಾಚೆಗೆ ತನ್ನಿ. ಆ ಕಾಲು ಗುರುತಿಗಿಂತ ಬಾಸ್ಕೆಟ್‌ಗೆ ಹತ್ತಿರ ಹೋಗದಿದ್ದರೆ ಸಾಕು. ಈ ಭಂಗಿಯಲ್ಲಿ ಮನೆಯ ಹಿತ್ತಲಲ್ಲಿ ದಿನಕ್ಕೆ ಇಪ್ಪತ್ತು ಸಲ ಎಸೆದು ಅಭ್ಯಾಸ ಮಾಡಿ. ಟೀಯಿಂದ ದೂರಕ್ಕೆ ಎಸೆಯುವ ಡ್ರೈವ್ ಅಭ್ಯಾಸಕ್ಕಿಂತ ಇದು ಹೆಚ್ಚು ಅಂಕ ಉಳಿಸುತ್ತದೆ. ನೆಲದ ಮೇಲೆ ಬಿಡಿಯಾಗಿ ಬಿದ್ದ ಕಡ್ಡಿ, ಎಲೆ, ಕಲ್ಲು ನಿಮ್ಮ ಗುರುತಿನ ಹಿಂದಿದ್ದರೆ ಸರಿಸಬಹುದು. ಬೆಳೆದು ನಿಂತ ಕೊಂಬೆಯನ್ನು ಮುರಿಯುವುದು, ಬಗ್ಗಿಸಿ ಹಿಡಿದುಕೊಂಡು ಎಸೆಯುವುದು ತಪ್ಪು. ನಿಯಮದಲ್ಲೂ ತಪ್ಪು, ನನ್ನ ಮಟ್ಟಿಗೆ ಮನಸ್ಸಿನಲ್ಲೂ ತಪ್ಪು. ದೊಡ್ಡ ಬುಡವೇ ಅಡ್ಡವಿದ್ದು ಗುರುತಿನ ಹಿಂದೆ ನಿಲ್ಲಲು ಆಗದಿದ್ದರೆ, ಬಾಸ್ಕೆಟ್‌ನಿಂದ ಎಳೆದ ಗೆರೆಯಲ್ಲೇ ಆ ಮರದ ಹಿಂದಕ್ಕೆ ಸರಿದು ನಿಲ್ಲಬಹುದು, ದಂಡವಿಲ್ಲ. ಮುಳ್ಳಿನ ಪೊದೆಯ ಒಳಗಿದ್ದರೆ ಒಂದು ದಂಡದ ಎಸೆತ ಲೆಕ್ಕಕ್ಕೆ ಸೇರಿಸಿಕೊಂಡು ಅದೇ ಗೆರೆಯಲ್ಲಿ ಎಷ್ಟು ಬೇಕಾದರೂ ಹಿಂದೆ ಬರಬಹುದು. ಡಿಸ್ಕ್ ಮರದ ಮೇಲೆ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಅದರ ನೇರ ಕೆಳಗಿನ ನೆಲವೇ ನಿಮ್ಮ ಜಾಗ. ಎರಡು ಮೀಟರ್ ಮೇಲಿದ್ದರೆ ದಂಡ ಎಂಬ ನಿಯಮ ಪಂದ್ಯದಲ್ಲಿ ಮೊದಲೇ ಸಾರಿದ್ದರೆ ಮಾತ್ರ ಜಾರಿಯಲ್ಲಿರುತ್ತದೆ.

ಡಿಸ್ಕ್ ಹುಡುಕುವಾಗ

ಎಸೆದವನ ಕಣ್ಣಿಗೆ ಡಿಸ್ಕ್ ಬಿದ್ದ ಜಾಗ ಸರಿಯಾಗಿ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ತಿಳಿಯುತ್ತದೆ. ಆದ್ದರಿಂದ ತಂಡದಲ್ಲಿ ಒಬ್ಬರು ತಿರುವಿನ ಬಳಿ, ದೊಡ್ಡ ಮರದ ಮರೆಯಲ್ಲಿ ನಿಂತು ನೋಡುತ್ತಿರಲಿ. ಡಿಸ್ಕ್ ಮಾಯವಾದ ಕೂಡಲೇ ಒಂದು ಮರವನ್ನು ಗುರುತು ಹಿಡಿದು ಕಣ್ಣು ತೆಗೆಯದೆ ಅಲ್ಲಿಗೇ ನಡೆಯಿರಿ. ಮಾತಿಗೆ ತೊಡಗಿದರೆ ಗುರುತು ಹೋಯಿತು. ಬಡಿದ ಸದ್ದನ್ನೂ ಕೇಳಿಸಿಕೊಳ್ಳಿ, ಬೊಡ್ಡೆಗೆ ಬಡಿದ ಸದ್ದು ಬೇರೆ, ಎಲೆಯ ಸದ್ದು ಬೇರೆ. ನಿಯಮದ ಪ್ರಕಾರ ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಒಂದು ದಂಡ, ಹಿಂದಿನ ಜಾಗದಿಂದ ಮತ್ತೆ ಎಸೆತ.

ಎಲೆ ಉದುರುವ ಕಾಲದಲ್ಲಿ ಡಿಸ್ಕ್ ಎಲೆಯ ಕೆಳಗೆ ನುಸುಳಿ ಹತ್ತಡಿ ಮುಂದೆ ಹೋಗಿರುತ್ತದೆ. ಬಿತ್ತು ಎಂದುಕೊಂಡ ಜಾಗಕ್ಕಿಂತ ಮುಂದೆ ಹುಡುಕಿ, ಕಾಲಿನಿಂದ ಅಥವಾ ಕೋಲಿನಿಂದ ಎಲೆ ಸರಿಸಿ, ಕೈಯಿಂದ ಬೇಡ. ಕಾಪರ್‌ಹೆಡ್ ಎಂಬ ವಿಷದ ಹಾವಿನ ಬಣ್ಣ ಥೇಟ್ ತರಗೆಲೆಯದೇ. ಅದು ಓಡಿಹೋಗುವ ಬದಲು ಅಲುಗದೆ ಮಲಗಿರುತ್ತದೆ. ಕಚ್ಚುವುದು ಹೆಚ್ಚಾಗಿ ಗೊತ್ತಿಲ್ಲದೆ ಮೈಮೇಲೆ ಕೈಕಾಲು ಇಟ್ಟವರನ್ನು.

ಬಾಸ್ಕೆಟ್ ಹತ್ತಿರ

10 ಮೀಟರ್ ಒಳಗಿನ ಎಸೆತದಲ್ಲಿ ಡಿಸ್ಕ್ ಬಿಟ್ಟ ಮೇಲೆ ಸಮತೋಲ ಕಾಯ್ದುಕೊಂಡು ನಿಲ್ಲಬೇಕು, ಮುಂದಕ್ಕೆ ಹೆಜ್ಜೆ ಹಾಕುವಂತಿಲ್ಲ. ಮರಗಳ ನಡುವೆ ಗಾಳಿ ಕಡಿಮೆ, ಆದ್ದರಿಂದ ಇಲ್ಲಿ ಧೈರ್ಯವಾಗಿ ಪಟ್ ಮಾಡಬಹುದು, ಅಂದರೆ ನೇರ ಬಾಸ್ಕೆಟ್‌ಗೇ ಎಸೆಯಬಹುದು. ಒಂದು ಎಚ್ಚರಿಕೆ ಮಾತ್ರ: ಬಾಸ್ಕೆಟ್ ಹಿಂದೆ ಇಳಿಜಾರು ಇದ್ದರೆ, ಈ ಕಡೆಯ ಗಟ್ಟಿ ಕೆಮ್ಮಣ್ಣಿನ ಮೇಲೆ ಡಿಸ್ಕ್ ಅಂಚಿನಲ್ಲಿ ನಿಂತು ಚಕ್ರದ ಹಾಗೆ ಉರುಳುತ್ತದೆ. ಅಂಥ ಕಡೆ ಬಾಸ್ಕೆಟ್ ಬುಡಕ್ಕೆ ಹಾಕಿ, ಮುಂದಿನ ಎಸೆತದಲ್ಲಿ ಮುಗಿಸಿ.

ಹೋಲ್ ಬದಲಾದಂತೆ ಆಟವೂ

ಒಳ್ಳೆಯ ಕಾಡಿನ ಕೋರ್ಸ್ ಒಂದೇ ಥರ ಇರುವುದಿಲ್ಲ. ಇಕ್ಕಟ್ಟಾದ ಐದು ಹೋಲ್ ಆದಮೇಲೆ ಒಮ್ಮೆಲೇ ಬಯಲು, ಆಮೇಲೆ ಹಳ್ಳ ದಾಟುವುದು, ಆಮೇಲೆ ದಿಬ್ಬ. ಜಾರ್ಜಿಯಾದ ಆಪ್ಲಿಂಗ್‌ನಲ್ಲಿ ಪಿಡಿಜಿಎಯ ಅಂತರರಾಷ್ಟ್ರೀಯ ಕೇಂದ್ರವಿದೆ. ಅದರ ಸುತ್ತ ಕಾಡಿನಲ್ಲಿ ಮೂರು ಕೋರ್ಸ್, ಅವುಗಳಲ್ಲೊಂದಕ್ಕೆ ಹೆಡ್ರಿಕ್ ನೆನಪಿಗೆ ಸ್ಟೆಡಿ ಎಡ್ ಎಂದೇ ಹೆಸರು. ಎಲ್ಲಕ್ಕಿಂತ ಕಠಿಣವಾದ ಡಬ್ಲ್ಯು.ಆರ್. ಜಾಕ್ಸನ್ ಕೋರ್ಸ್‌ನಲ್ಲಿ 2022ರ ಚಾಂಪಿಯನ್ಸ್ ಕಪ್ ನಡೆಯಿತು. ನನ್ನ ಕಾಡಿನ ಆಟದ ದೌರ್ಬಲ್ಯ ತಿಳಿದದ್ದು ಅಲ್ಲಿಗೆ ಹೋದಾಗ. ಇಕ್ಕಟ್ಟಿನಿಂದ ಬಯಲಿಗೆ ಬಂದ ತಕ್ಷಣ, ಕಟ್ಟಿಹಾಕಿದ್ದನ್ನು ಬಿಚ್ಚಿದಂತೆ, ಪೂರ್ತಿ ಬಲ ಹಾಕಿ ಎಸೆಯುತ್ತಿದ್ದೆ. ಎಸೆತ ಬಯಲಿನಾಚೆಯ ಮರಗಳೊಳಗೆ ಹೋಗುತ್ತಿತ್ತು. ಈಗ ಬಯಲು ಹೋಲ್ ಬಂದರೆ ಟೀ ಹಿಂದೆ ನಿಂತು ಒಮ್ಮೆ ಉಸಿರು ಬಿಟ್ಟು, ಹೊಸದಾಗಿ ಲೆಕ್ಕ ಹಾಕುತ್ತೇನೆ. ನಿಯಮವೇ 30 ಸೆಕೆಂಡ್ ಕೊಡುತ್ತದೆ, ಅಷ್ಟನ್ನೂ ಬಳಸಿಕೊಳ್ಳಿ.

ಐವಿ, ಉಣುಗು, ಮನೆಗೆ ಬಂದ ಮೇಲೆ

ಪಾಯ್ಸನ್ ಐವಿಯನ್ನು ಗುರುತಿಸಲು ಕಲಿಯದೆ ಈ ಕಾಡಿಗೆ ಇಳಿಯಬೇಡಿ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉದ್ದ. ನೆಲದಲ್ಲಿ ಹಬ್ಬುತ್ತದೆ, ಕೂದಲು ಕೂದಲಾದ ಬಳ್ಳಿಯಾಗಿ ಮರವನ್ನೂ ಏರುತ್ತದೆ. ಗೇರು, ಮಾವಿನ ಕುಟುಂಬದ್ದೇ ಗಿಡ. ಕರಾವಳಿಯಲ್ಲಿ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಅದರ ಬಗೆ ಗೊತ್ತು. ಇದರ ಎಣ್ಣೆಯೂ ಅದೇ ಜಾತಿಯದು. ಮೊದಲ ವರ್ಷ ನನಗೆ ಗಿಡ ಮುಟ್ಟಿದ ನೆನಪೇ ಇರಲಿಲ್ಲ, ಆದರೂ ಮೊಣಕೈವರೆಗೆ ಗುಳ್ಳೆ ಎದ್ದು ಎರಡು ವಾರ ನಿದ್ದೆಯಿಲ್ಲದೆ ಕಳೆದೆ. ಎಣ್ಣೆ ಇದ್ದದ್ದು ಡಿಸ್ಕ್ ಮೇಲೆ. ಬಳ್ಳಿಯೊಳಗೆ ಬಿದ್ದ ಡಿಸ್ಕನ್ನು ಎತ್ತಿಕೊಂಡು, ಅದೇ ಕೈಯಲ್ಲಿ ಟವೆಲ್, ಬ್ಯಾಗ್, ಸ್ಟಿಯರಿಂಗ್ ಎಲ್ಲ ಮುಟ್ಟಿದ್ದೆ.

ಉಣುಗಿನ ವಿಷಯ ಮಲೆನಾಡಿನವರಿಗೆ ಹೊಸದಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಇಲ್ಲಿನ ಉಣುಗುಗಳು ಹರಡುವ ಕಾಯಿಲೆಗಳು ಬೇರೆ, ಎಚ್ಚರಿಕೆ ಮಾತ್ರ ಒಂದೇ. ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಗೆ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿಟ್ಟುಕೊಳ್ಳಿ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವುದಲ್ಲ.

ಮನೆಗೆ ಬಂದ ಕೂಡಲೇ, ಸೋಫಾದಲ್ಲಿ ಕೂರುವ ಮೊದಲೇ, ಬಟ್ಟೆ ಬಿಚ್ಚಿ ಡ್ರೈಯರ್‌ಗೆ ಹಾಕಿ. ಒಣ ಬಟ್ಟೆಯಾದರೆ ಹೆಚ್ಚಿನ ಬಿಸಿಯಲ್ಲಿ ಹತ್ತು ನಿಮಿಷಕ್ಕೆ ಉಣುಗು ಸಾಯುತ್ತದೆ. ಆಮೇಲೆ ಬಟ್ಟೆ ಒಗೆಯಿರಿ. ಸ್ನಾನ ಮಾಡುವಾಗ ಮೊಣಕಾಲಿನ ಹಿಂಬದಿ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿಕೊಂಡಂತೆ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ವಾರಗಳಲ್ಲಿ ಜ್ವರ, ಮೈಮೇಲೆ ಕೆಂಪು ಬಂದರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನು ಹೇಳಿ. ಡಿಸ್ಕ್‌ಗಳನ್ನು ಬಕೆಟ್ ತಣ್ಣೀರಿನಲ್ಲಿ ಮುಳುಗಿಸಿ, ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯುವ ಸೋಪಿನಿಂದ ಎರಡೂ ಬದಿ ಉಜ್ಜಿ. ಒಳ ಅಂಚಿನ ಸಂದಿನಲ್ಲಿ ಎಣ್ಣೆ ಉಳಿಯುತ್ತದೆ, ಅಲ್ಲಿ ಹಳೆಯ ಟೂತ್‌ಬ್ರಷ್ ಹಾಕಿ. ಬ್ಯಾಗಿನ ಹಿಡಿಕೆಯನ್ನೂ ಒರೆಸಿಬಿಡಿ.